ನಿಷೇಧ ಇಲ್ಲ, ಒಂದು ಅರ್ಜಿ ಮಾತ್ರ: ಉದ್ಮುರ್ತ್ ಭಾಷೆ ಕರಗುತ್ತಿರುವ ಬಗೆ

2019ರ ಸೆಪ್ಟೆಂಬರ್ 10. ಉರಲ್ ಪರ್ವತಗಳ ಪಶ್ಚಿಮಕ್ಕಿರುವ ಇಝೆವ್ಸ್ಕ್ ನಗರ. ಕಲಾಶ್ನಿಕೋವ್ ಬಂದೂಕು ತಯಾರಾಗುವ ಊರು ಅಂದರೆ ಬೇಗ ಗುರುತು ಸಿಗಬಹುದು. ರಷ್ಯಾ ಒಕ್ಕೂಟದೊಳಗಿನ ಉದ್ಮುರ್ತಿಯಾ ಗಣರಾಜ್ಯದ ರಾಜಧಾನಿ ಅದು. ಅಲ್ಲಿನ ಶಾಸನಸಭೆಯ ಮುಂದೆ 79 ವರ್ಷದ ಅಲ್ಬರ್ಟ್ ರಾಝಿನ್ ಎರಡು ಫಲಕ ಹಿಡಿದು ನಿಂತಿದ್ದರು. ಒಂದರಲ್ಲಿ 'ನನಗೊಂದು ತಾಯ್ನಾಡು ಇದೆಯೇ?' ಎಂಬ ಪ್ರಶ್ನೆ. ಇನ್ನೊಂದರಲ್ಲಿ ದಾಗೆಸ್ತಾನದ ಅವಾರ್ ಕವಿ ರಸೂಲ್ ಗಮ್ಝಾತೋವ್ ತಮ್ಮ ಭಾಷೆಯ ಸಾವಿನ ಬಗ್ಗೆ ಬರೆದ ಸಾಲು. ಸ್ವಲ್ಪ ಹೊತ್ತಿನ ಮೇಲೆ ಅವರು ಮೈಗೆ ಬೆಂಕಿ ಹಚ್ಚಿಕೊಂಡರು. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ರಾಝಿನ್ ತತ್ವಶಾಸ್ತ್ರದ ವಿದ್ವಾಂಸರು, ಉದ್ಮುರ್ತ್ ಜನಾಂಗದವರು, ದಶಕಗಳಿಂದ ತಮ್ಮ ಭಾಷೆ ಮತ್ತು ಹಳೆಯ ನಂಬಿಕೆಗಳ ಪರವಾಗಿ ಓಡಾಡಿದವರು. ಆ ಸಾವನ್ನು ದೊಡ್ಡದು ಮಾಡಿ ತೋರಿಸುವ ಆಸೆ ನನಗಿಲ್ಲ. ಭಾಷೆಗೋಸ್ಕರ ಯಾರೂ ಸಾಯಬಾರದು. ಆದರೆ ಜಗಳ ಯಾವುದರ ಬಗ್ಗೆ ಇತ್ತು ಅಂತ ಹುಡುಕಿಕೊಂಡು ಹೋದಾಗ ನನಗೆ ಆಶ್ಚರ್ಯ ಆಯ್ತು. ಉದ್ಮುರ್ತ್ ಭಾಷೆಯನ್ನು ಯಾರೂ ನಿಷೇಧಿಸಿರಲಿಲ್ಲ. ಪುಸ್ತಕ ಸುಟ್ಟಿರಲಿಲ್ಲ, ಪತ್ರಿಕೆ ಮುಚ್ಚಿಸಿರಲಿಲ್ಲ. ಕಾಗದದ ಮೇಲೆ ಅದು ಈಗಲೂ ರಷ್ಯನ್ ಜೊತೆಗೆ ಆ ಗಣರಾಜ್ಯದ ಅಧಿಕೃತ ಭಾಷೆ. ಜಗಳ ಇದ್ದಿದ್ದು ಮಗುವನ್ನು ಶಾಲೆಗೆ ಸೇರಿಸುವಾಗ ಅಪ್ಪ-ಅಮ್ಮ ತುಂಬಿಕೊಡುವ ಒಂದು ಅರ್ಜಿಯ ಬಗ್ಗೆ.

ಇದಕ್ಕೆ 7 ವರ್ಷ ಹಿಂದೆ, 2012ರಲ್ಲಿ, ಇದೇ ಉದ್ಮುರ್ತ್ ಭಾಷೆಯನ್ನು ಇಡೀ ಯುರೋಪ್ ಟಿವಿಯಲ್ಲಿ ಕೇಳಿತ್ತು. ಬಾಕುವಿನಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಗೆ ರಷ್ಯಾ ಕಳಿಸಿದ್ದು ಬುರಾನೊವೊ ಎಂಬ ಹಳ್ಳಿಯ ಅಜ್ಜಿಯರ ತಂಡವನ್ನು. ತಲೆಗೆ ಬಟ್ಟೆ ಕಟ್ಟಿ, ಕೊರಳಿಗೆ ನಾಣ್ಯದ ಸರ ಹಾಕಿ, ವೇದಿಕೆ ಮೇಲೆ ಒಲೆ ಇಟ್ಟುಕೊಂಡು ಉದ್ಮುರ್ತ್‌ನಲ್ಲಿ ಹಾಡಿದರು, ಪಲ್ಲವಿಗೆ ಒಂದಿಷ್ಟು ಇಂಗ್ಲಿಷ್ ಸೇರಿಸಿದರು. ಎರಡನೇ ಸ್ಥಾನ ಬಂತು. ಬಂದ ದುಡ್ಡಲ್ಲಿ ಊರಿನ ಚರ್ಚ್ ಕಟ್ಟಿಸಬೇಕು ಅನ್ನೋದು ಅವರ ಆಸೆಯಾಗಿತ್ತು. ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ಯೂಟ್ಯೂಬ್‌ನಲ್ಲಿ ಎರಡು ಮೂರು ಸಲ ನೋಡಿದ್ದೇನೆ.

ಒಂದೇ ಊರಿನ ಕಡೆಯ ಈ ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟುಕೊಂಡರೆ ವಿಷಯ ಅರ್ಥವಾಗುತ್ತೆ. ಭಾಷೆ ವೇದಿಕೆ ಮೇಲಿದ್ದಾಗ ಸರ್ಕಾರಕ್ಕೆ ಹೆಮ್ಮೆ. ಅದೇ ಭಾಷೆ ಶಾಲೆಯ ವೇಳಾಪಟ್ಟಿಯಲ್ಲಿ ಜಾಗ ಕೇಳಿದಾಗ ಮಾತ್ರ ಕಿರಿಕಿರಿ.

ಮೊದಲು ಇವರು ಯಾರು ಅಂತ ಹೇಳಬೇಕು. ಫಿನ್ನೊ-ಉಗ್ರಿಕ್ ಅನ್ನೋದು ಒಂದು ಭಾಷಾ ಕುಟುಂಬ. ಅದರಲ್ಲಿ ಸ್ವಂತ ದೇಶ ಇರುವವು ಮೂರೇ: ಹಂಗೇರಿಯನ್, ಫಿನ್ನಿಶ್, ಎಸ್ಟೋನಿಯನ್. ಉಳಿದವರೆಲ್ಲ ಬೇರೆಯವರ ದೇಶದಲ್ಲಿ ಅಲ್ಪಸಂಖ್ಯಾತರು. ನಾರ್ವೆ, ಸ್ವೀಡನ್, ಫಿನ್ಲೆಂಡ್ ಉತ್ತರದ ಸಾಮಿಗಳು, ರಷ್ಯಾದ ಕರೇಲಿಯನ್ನರು, ವೆಪ್ಸ್, ಕೋಮಿ, ಮಾರಿ, ಎರ್ಝ್ಯಾ, ಮೋಕ್ಷಾ, ಉದ್ಮುರ್ತ್, ಸೈಬೀರಿಯಾ ಕಡೆಯ ಖಾಂತಿ ಮತ್ತು ಮಾನ್ಸಿ. ಲಾತ್ವಿಯಾದಲ್ಲಿ ಲಿವೋನಿಯನ್ ಅಂತ ಒಂದು ಭಾಷೆ ಇತ್ತು. ಅದನ್ನು ತಾಯ್ನುಡಿಯಾಗಿ ಕಲಿತಿದ್ದ ಕೊನೆಯವರು 2013ರಲ್ಲಿ ಕೆನಡಾದಲ್ಲಿ 103ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಭಾಷೆಗಳು ನೆಂಟರು ಅಂತ ಗೊತ್ತಾದ ಕತೆಯೂ ಚೆನ್ನಾಗಿದೆ. 1769ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಯಾನೋಷ್ ಶೈನೊವಿಚ್ ಎಂಬ ಹಂಗೇರಿಯ ಪಾದ್ರಿ ನಾರ್ವೆಯ ತುತ್ತತುದಿಗೆ ಹೋಗಿದ್ದರು. ಅಲ್ಲಿನ ಸಾಮಿಗಳ ಮಾತು ಕೇಳಿ, ಇದಕ್ಕೂ ತನ್ನ ಭಾಷೆಗೂ ಸಂಬಂಧ ಇದೆ ಅಂತ ಮರುವರ್ಷ ಪುಸ್ತಕವನ್ನೇ ಬರೆದರು. ಹಂಗೇರಿಯ ಶ್ರೀಮಂತರಿಗೆ ಇದು ರುಚಿಸಲಿಲ್ಲ, ಮೀನಿನ ವಾಸನೆ ಹೊಡೆಯುವ ನೆಂಟಸ್ತನ ನಮಗೆ ಬೇಡ ಅಂತ ಮೂಗು ಮುರಿದರು. ಆದರೆ ಪದಗಳು ಸುಳ್ಳು ಹೇಳಲ್ಲ. ಮೀನಿಗೆ ಫಿನ್ನಿಶ್‌ನಲ್ಲಿ 'ಕಲಾ', ಹಂಗೇರಿಯನ್‌ನಲ್ಲಿ 'ಹಲ್', ಮಾರಿಯಲ್ಲಿ 'ಕೋಲ್'. ರಕ್ತಕ್ಕೆ ಫಿನ್ನಿಶ್‌ನಲ್ಲಿ 'ವೆರಿ', ಹಂಗೇರಿಯನ್‌ನಲ್ಲಿ 'ವೇರ್', ಉದ್ಮುರ್ತ್‌ನಲ್ಲಿ 'ವಿರ್'.

ಉದ್ಮುರ್ತ್ ವ್ಯಾಕರಣ ನಮಗೆ ಕಷ್ಟ ಅನಿಸಲ್ಲ, ಇಂಗ್ಲಿಷಿನವರಿಗೆ ಅನಿಸಬಹುದು. 'ಗುರ್ತ್' ಅಂದರೆ ಊರು. ಗುರ್ತೆ ಅಂದರೆ ಊರಿಗೆ, ಗುರ್ತಿನ್ ಅಂದರೆ ಊರಲ್ಲಿ, ಗುರ್ತಿಸ್ ಅಂದರೆ ಊರಿಂದ. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಇದೇ ಜಾಣತನ ಕನ್ನಡದಲ್ಲೂ ಇದೆ. ಅದನ್ನು ನೋಡಿಯೇ ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ಈ ಉತ್ತರದ ಭಾಷೆಗಳಿಗೂ ದ್ರಾವಿಡಕ್ಕೂ ನಂಟು ಇರಬಹುದು ಅಂದಿದ್ದರು. 1940ರ ದಶಕದಲ್ಲಿ ಟಿ. ಬರೋ ದೇಹದ ಅಂಗಗಳ ಪದಗಳನ್ನು ಹಿಡಿದು ಮತ್ತೆ ಅದೇ ವಾದ ಮಾಡಿದರು. ಉದ್ಮುರ್ತ್‌ನಲ್ಲಿ ಕೈಗೆ 'ಕಿ' ಅಂತಾರೆ ಅಂದಾಗ ನನಗೂ ಒಂದು ಕ್ಷಣ ರೋಮಾಂಚನ ಆಗಿತ್ತು. ಆದರೆ ಫಿನ್ನಿಶ್‌ನಲ್ಲಿ ಅದೇ ಪದದ ಮೂಲರೂಪ 'ಕ್ಯಾತೆ', ಅಂದರೆ ಉದ್ಮುರ್ತ್ ಪದದಿಂದ ಹಿಂದೆಂದೋ ಒಂದು 'ತ' ಉದುರಿಹೋಗಿದೆ. ಈ ನೆಂಟಸ್ತನವನ್ನು ಬಹುತೇಕ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ವಾಟ್ಸಾಪ್‌ನಲ್ಲಿ ಯಾರಾದರೂ ಕನ್ನಡವೂ ಫಿನ್ನಿಶ್ಶೂ ಅಕ್ಕ-ತಂಗಿ ಅಂತ ಕಳಿಸಿದರೆ ಫಾರ್ವರ್ಡ್ ಮಾಡಬೇಡಿ.

1552ರಲ್ಲಿ ಇವಾನ್ ದೊರೆ ಕಝಾನ್ ಗೆದ್ದ ಮೇಲೆ ವೋಲ್ಗಾ, ಕಾಮಾ ನದಿಗಳ ಸುತ್ತಲ ಈ ಜನರೆಲ್ಲ ಮಾಸ್ಕೋದ ಕೈಕೆಳಗೆ ಬಂದರು. ಚರ್ಚ್ ಬಂತು. ಆದರೂ ಉದ್ಮುರ್ತರು, ಮಾರಿಗಳು ಊರಾಚೆಯ ದೇವರಕಾಡುಗಳಲ್ಲಿ ಪ್ರಾರ್ಥನೆ ಬಿಡಲಿಲ್ಲ. ಮಾರಿಗಳಲ್ಲಿ ಅದು ಇವತ್ತಿಗೂ ನಡೆಯುತ್ತದೆ, ಬಿಳಿ ಬಟ್ಟೆ ಉಟ್ಟ ಪೂಜಾರಿಗಳು ಮರದ ಕೆಳಗೆ ಅಡುಗೆ ಮಾಡಿ ಎಡೆ ಇಡುತ್ತಾರೆ.

ಈ ನಂಬಿಕೆಯೇ ಒಮ್ಮೆ ಕುತ್ತಿಗೆಗೆ ಬಂತು. 1892ರಲ್ಲಿ ಸ್ತಾರಿ ಮುಲ್ತಾನ್ ಎಂಬ ಉದ್ಮುರ್ತ್ ಹಳ್ಳಿಯ ಹತ್ತಿರ ಒಬ್ಬ ಭಿಕ್ಷುಕನ ತಲೆಯಿಲ್ಲದ ಹೆಣ ಸಿಕ್ಕಿತು. ಪೊಲೀಸರು ತನಿಖೆಗಿಂತ ಮೊದಲೇ ತೀರ್ಮಾನಕ್ಕೆ ಬಂದಿದ್ದರು: ಈ ಕಾಡುಜನ ದೇವರಿಗೆ ನರಬಲಿ ಕೊಟ್ಟಿದ್ದಾರೆ. ಎರಡು ಸಲ ವಿಚಾರಣೆ ನಡೆದು ಎರಡೂ ಸಲ 7 ಮಂದಿಗೆ ಶಿಕ್ಷೆ ಆಯ್ತು. ಎರಡನೇ ವಿಚಾರಣೆಗೆ ಪತ್ರಕರ್ತರಾಗಿ ಹೋಗಿದ್ದ ಲೇಖಕ ವ್ಲಾದಿಮಿರ್ ಕೊರೊಲೆಂಕೊ ಅಲ್ಲಿ ನಡೆದದ್ದನ್ನೆಲ್ಲ ಬರೆದುಕೊಂಡು ಪ್ರಕಟಿಸಿದರು. 1896ರ ಮೂರನೇ ವಿಚಾರಣೆಯಲ್ಲಿ ಖುದ್ದು ಆರೋಪಿಗಳ ಪರ ಮಾತಾಡಿದರು. ಎಲ್ಲರೂ ಬಿಡುಗಡೆಯಾದರು. ಆ ಹಳ್ಳಿಗೆ ಈಗ ಕೊರೊಲೆಂಕೊ ಅಂತಲೇ ಹೆಸರು. ಆರೋಪಿಗಳು ಕಾಣುತ್ತಿದ್ದ ರೀತಿ, ಆಡುತ್ತಿದ್ದ ಭಾಷೆ, ಕೈಮುಗಿಯುತ್ತಿದ್ದ ಮರ, ಇಷ್ಟೇ ಸಾಕ್ಷ್ಯವಾಗಿದ್ದ ಮೊಕದ್ದಮೆ ಅದು.

ಕ್ರಾಂತಿಯ ನಂತರ ಕೆಲವು ವರ್ಷ ಒಳ್ಳೆಯ ಕಾಲ. 1920ರಲ್ಲಿ ಉದ್ಮುರ್ತರಿಗೆ ಸ್ವಾಯತ್ತ ಪ್ರದೇಶ ಸಿಕ್ಕಿತು. ಶಾಲೆ, ಪತ್ರಿಕೆ, ಪಠ್ಯಪುಸ್ತಕ ಎಲ್ಲ ಉದ್ಮುರ್ತ್‌ನಲ್ಲಿ ಬರತೊಡಗಿದವು. ಕುಝೆಬಾಯ್ ಗೆರ್ದ್ ಅಂತ ಒಬ್ಬ ಕವಿ, ಜಾನಪದ ಸಂಗ್ರಹಕಾರ. ಅಶಾಲ್ಚಿ ಓಕಿ ಅಂತ ಒಬ್ಬ ಕವಯಿತ್ರಿ, ವೃತ್ತಿಯಲ್ಲಿ ಕಣ್ಣಿನ ಡಾಕ್ಟರ್. 1930ರ ದಶಕದ ಆರಂಭದಲ್ಲಿ ರಹಸ್ಯ ಪೊಲೀಸರು ಒಂದು ಪಿತೂರಿಯ ಕೇಸು ಹೆಣೆದರು: ಇವರೆಲ್ಲ ಸೇರಿ ಫಿನ್ಲೆಂಡಿನ ಆಶ್ರಯದಲ್ಲಿ ಹೊಸ ದೇಶ ಕಟ್ಟಲು ಹೊರಟಿದ್ದಾರೆ ಅಂತ. ಭಾಷೆಗಳ ನೆಂಟಸ್ತನವೇ ದೇಶದ್ರೋಹಕ್ಕೆ ಪುರಾವೆ ಆಯ್ತು. ಗೆರ್ದ್‌ರನ್ನು 1937ರ ನವೆಂಬರ್ 1ರಂದು ಕರೇಲಿಯಾದ ಸಂದರ್ಮೋಖ್ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಬಂಧನದ ಅನುಭವದ ಮೇಲೆ ಅಶಾಲ್ಚಿ ಓಕಿ ಕವಿತೆ ಬರೆಯುವುದನ್ನು ಬಿಟ್ಟರು, ಡಾಕ್ಟರಾಗಿ ಉಳಿದರು.

ಭಾಷೆಯನ್ನು ಕೊಲ್ಲೋದು ಅಂದರೆ ನಮ್ಮ ಕಣ್ಣ ಮುಂದೆ ಬರೋದು ಇಂಥ ಚಿತ್ರ. ಆದರೆ ಗೆರ್ದ್ ಸತ್ತ ಮೇಲೂ ಉದ್ಮುರ್ತ್ ಸಾಯಲಿಲ್ಲ. ಹಳ್ಳಿಗಳಲ್ಲಿ, ಅಡುಗೆಮನೆಗಳಲ್ಲಿ, ಶಾಲೆಗಳಲ್ಲಿ ಅದು ಉಳಿದಿತ್ತು. ಅದು ಕರಗತೊಡಗಿದ್ದು ಇನ್ನೊಂದು ಬಗೆಯಲ್ಲಿ, ಅದರಲ್ಲಿ ಬಂದೂಕು ಇಲ್ಲ.

1958ರಲ್ಲಿ ಕ್ರುಶ್ಚೆವ್ ಶಿಕ್ಷಣ ಸುಧಾರಣೆ ತಂದರು. ಮಗು ಯಾವ ಭಾಷೆಯಲ್ಲಿ ಓದಬೇಕು ಅನ್ನೋದನ್ನು ಅಪ್ಪ-ಅಮ್ಮನೇ ಆರಿಸಲಿ ಅಂತ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಕಾಲೇಜು ರಷ್ಯನ್‌ನಲ್ಲಿ, ಕಾರ್ಖಾನೆ ರಷ್ಯನ್‌ನಲ್ಲಿ, ಸೈನ್ಯ ರಷ್ಯನ್‌ನಲ್ಲಿ ಇರುವಾಗ ಯಾವ ತಂದೆ-ತಾಯಿ ಏನು ಆರಿಸುತ್ತಾರೆ? ಮಾಧ್ಯಮವಾಗಿದ್ದ ಉದ್ಮುರ್ತ್ ಕ್ರಮೇಣ ಒಂದು ಪಾಠವಾಯಿತು. ಸೋವಿಯತ್ ಒಕ್ಕೂಟ ಒಡೆದಾಗ ಮತ್ತೆ ಸ್ವಲ್ಪ ಆಸೆ ಚಿಗುರಿತು. ಗಣರಾಜ್ಯಗಳು ತಮ್ಮ ಭಾಷೆಯನ್ನು ಅಧಿಕೃತಗೊಳಿಸಿದವು, ಪಠ್ಯಕ್ರಮದಲ್ಲಿ ಸ್ಥಳೀಯ ವಿಷಯಗಳಿಗೆ ಅಂತ ಒಂದು ಭಾಗ ಮೀಸಲಾಯಿತು. 2007ರ ಕಾಯ್ದೆ ಆ ಮೀಸಲು ಭಾಗವನ್ನು ತೆಗೆಯಿತು. 2009ರಿಂದ ಶಾಲೆ ಮುಗಿಸುವ ರಾಷ್ಟ್ರೀಯ ಪರೀಕ್ಷೆಯನ್ನು ರಷ್ಯನ್‌ನಲ್ಲೇ ಬರೆಯಬೇಕಾಯಿತು. ಕಾಲೇಜ್ ಸೀಟು ಸಿಗೋದು ಆ ಅಂಕದಿಂದಲೇ. ಅಂಕ ಕೊಡದ ಪಾಠಕ್ಕೆ ವಾರದಲ್ಲಿ ಎಷ್ಟು ಪೀರಿಯಡ್ ಸಿಗುತ್ತೆ ಅಂತ ಶಾಲೆಗೆ ಹೋದ ಎಲ್ಲರಿಗೂ ಗೊತ್ತು.

ಕೊನೆಯ ಹೆಜ್ಜೆ 2017ರ ಜುಲೈನಲ್ಲಿ ಶುರುವಾಯಿತು. ಮಾರಿ ಗಣರಾಜ್ಯದ ರಾಜಧಾನಿ ಯೋಷ್ಕರ್-ಓಲಾದಲ್ಲಿ ಪುಟಿನ್, ತನ್ನ ಮಾತೃಭಾಷೆಯಲ್ಲದ ಭಾಷೆಯನ್ನು ಕಲಿಯುವಂತೆ ಯಾರನ್ನೂ ಒತ್ತಾಯಿಸಕೂಡದು ಅಂದರು. ಹೇಳಿದ ಜಾಗವೂ ಒಂದು ಫಿನ್ನೊ-ಉಗ್ರಿಕ್ ಜನರ ರಾಜಧಾನಿ, ಇರಲಿ. ಗುರಿ ಮುಖ್ಯವಾಗಿ ತತಾರ್‌ಸ್ತಾನ್ ಆಗಿತ್ತು, ಅಲ್ಲಿ ರಷ್ಯನ್ ಮಕ್ಕಳೂ ತತಾರ್ ಕಲಿಯಬೇಕಿತ್ತು. ಆ ಶರತ್ಕಾಲದಲ್ಲೇ ಸರ್ಕಾರಿ ವಕೀಲರು ಶಾಲೆ ಶಾಲೆಗೆ ತಪಾಸಣೆಗೆ ಹೋದರು. 2018ರ ಆಗಸ್ಟ್‌ನಲ್ಲಿ ಕಾನೂನಿಗೆ ಸಹಿ ಬಿತ್ತು. ಇನ್ನು ಮುಂದೆ ಗಣರಾಜ್ಯದ ಭಾಷೆ ಕಲಿಯುವುದು ಐಚ್ಛಿಕ. ಮಗುವಿನ ಮಾತೃಭಾಷೆ ಯಾವುದು ಅಂತ ಅಪ್ಪ-ಅಮ್ಮ ಬರೆದುಕೊಡಬೇಕು, ರಷ್ಯನ್ನನ್ನೇ ಮಾತೃಭಾಷೆ ಅಂತ ಬರೆದರೂ ನಡೆಯುತ್ತದೆ. ಈ ಮಸೂದೆಯನ್ನು ಬೆಂಬಲಿಸಬೇಡಿ ಅಂತ ತಮ್ಮ ಶಾಸಕರಿಗೆ ಬಹಿರಂಗ ಪತ್ರ ಬರೆದ ಉದ್ಮುರ್ತ್ ವಿದ್ವಾಂಸರಲ್ಲಿ ರಾಝಿನ್ ಒಬ್ಬರು.

ಪ್ರಾಮಾಣಿಕವಾಗಿ ಹೇಳಬೇಕು: ಉದ್ಮುರ್ತಿಯಾದಲ್ಲಿ ಉದ್ಮುರ್ತ್ ಎಲ್ಲರಿಗೂ ಕಡ್ಡಾಯ ಮೊದಲೂ ಇರಲಿಲ್ಲ. ಹಾಗಾದರೆ ಈ ಕಾನೂನಿನಿಂದ ಏನು ಬದಲಾಯಿತು ಅಂತ ಕೇಳಬಹುದು. ಬದಲಾಗಿದ್ದು, ಮೊದಲೇ ಹೊಂದಿಸಿಟ್ಟ ಆಯ್ಕೆ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಬೇಗ ತಲೆಗೆ ಹೋಗುತ್ತೆ. ಯಾವ ಆ್ಯಪ್‌ನಲ್ಲಾದರೂ ಡೀಫಾಲ್ಟ್ ಸೆಟ್ಟಿಂಗ್ ಏನಿದೆಯೋ ಬಹುಪಾಲು ಜನ ಅದರಲ್ಲೇ ಉಳಿಯುತ್ತಾರೆ. ಉದ್ಮುರ್ತ್ ಹಳ್ಳಿಯ ಶಾಲೆಯಲ್ಲಿ ಉದ್ಮುರ್ತ್ ಪಾಠ ಇರೋದು ಸಹಜ ಅನ್ನಿಸಿದ್ದ ಕಡೆ ಈಗ ಯಾರಾದರೂ ಬರೆದು ಕೇಳಬೇಕು. ಕೇಳುವವರು ಕಮ್ಮಿಯಾದರೆ ತರಗತಿ ತುಂಬಲ್ಲ. ತರಗತಿ ತುಂಬದಿದ್ದರೆ ಮೇಷ್ಟ್ರಿಗೆ ಕೆಲಸ ಇಲ್ಲ. ಕೆಲಸ ಇಲ್ಲದ ಕಡೆ ಉದ್ಮುರ್ತ್ ಬಿ.ಎ. ಓದೋಕೆ ಯಾರು ಸೇರ್ತಾರೆ? ಕೆಲವು ವರ್ಷದ ಮೇಲೆ ಅರ್ಜಿ ಕೊಟ್ಟರೂ ಕಲಿಸುವವರು ಇರಲ್ಲ. ಇಷ್ಟರಲ್ಲಿ ಎಲ್ಲೂ ಯಾರೂ ಯಾರನ್ನೂ ಒತ್ತಾಯಿಸಿಲ್ಲ.

ಆಯ್ಕೆಯ ವಾದವನ್ನು ಸುಮ್ಮನೆ ತಳ್ಳಿಹಾಕೋಕೂ ಆಗಲ್ಲ, ನಮಗೂ ಅದು ಹೊಸದಲ್ಲ. ಉದ್ಮುರ್ತಿಯಾದಲ್ಲಿ 2010ರಲ್ಲೇ ಉದ್ಮುರ್ತರ ಪಾಲು ನೂರಕ್ಕೆ 28, ರಷ್ಯನ್ನರದು 62. ಇಝೆವ್ಸ್ಕಿನ ರಷ್ಯನ್ ತಾಯಿಯೊಬ್ಬಳು ನನ್ನ ಮಗುವಿಗೆ ಯಾಕೆ ಇದು ಅಂದರೆ ಅದೊಂದು ನಿಜವಾದ ಪ್ರಶ್ನೆಯೇ. ಆದರೆ ಆ ತಾಯಿಗೆ ಮಾಡಿದ ಕಾನೂನು ಹಳ್ಳಿಯ ಉದ್ಮುರ್ತ್ ತಾಯಿಯ ಮುಂದೂ ಅದೇ ಅರ್ಜಿ ಇಡುತ್ತದೆ. ಆಕೆ ಚಿಕ್ಕವಳಿದ್ದಾಗ ಪೇಟೆ ಬಸ್ಸಿನಲ್ಲಿ ತನ್ನ ಭಾಷೆ ಆಡಿ ನಗೆಪಾಟಲಾದವಳಾಗಿದ್ದರೆ, ಮಗುವಿಗೆ ಅದು ಬೇಡ ಅಂತಲೇ ಬರೆಯುತ್ತಾಳೆ. ಅದನ್ನು ಆಯ್ಕೆ ಅನ್ನಬೇಕೋ ಏನನ್ನಬೇಕೋ.

ಲೆಕ್ಕ ನೋಡಿ. ರಷ್ಯಾದ 2002ರ ಜನಗಣತಿಯಲ್ಲಿ ಉದ್ಮುರ್ತರು 6 ಲಕ್ಷ 37 ಸಾವಿರ. 2010ರಲ್ಲಿ 5 ಲಕ್ಷ 52 ಸಾವಿರ. 2021ರಲ್ಲಿ 3 ಲಕ್ಷ 86 ಸಾವಿರ. ಮಾರಿಗಳು 2010ರಿಂದ 2021ಕ್ಕೆ 5 ಲಕ್ಷ 48 ಸಾವಿರದಿಂದ 4 ಲಕ್ಷ 24 ಸಾವಿರಕ್ಕೆ ಇಳಿದರು, ಕರೇಲಿಯನ್ನರು 61 ಸಾವಿರದಿಂದ 32 ಸಾವಿರಕ್ಕೆ. ಕೊನೆಯ ಗಣತಿ ಸಾಂಕ್ರಾಮಿಕದ ನಡುವೆ ನಡೆದದ್ದು, ಒಂದೂವರೆ ಕೋಟಿಗೂ ಹೆಚ್ಚು ಜನರ ಜನಾಂಗ ಯಾವುದು ಅಂತ ದಾಖಲಾಗಿಲ್ಲ, ಹಾಗಾಗಿ ಅಂಕಿಗಳನ್ನು ಪೂರ್ತಿ ನಂಬುವಂತಿಲ್ಲ. ಆದರೂ ಇಳಿಜಾರು ಯಾವ ಕಡೆಗಿದೆ ಅನ್ನೋದರಲ್ಲಿ ಅನುಮಾನ ಇಲ್ಲ. ಈ ಜನ ಸಾಯುತ್ತಿಲ್ಲ, ರಷ್ಯನ್ನರು ಅಂತ ಬರೆಸಿಕೊಳ್ಳುತ್ತಿದ್ದಾರೆ.

ಕರೇಲಿಯನ್ನರದು ಇನ್ನೂ ವಿಚಿತ್ರ ಸ್ಥಿತಿ. ಫಿನ್ಲೆಂಡಿನ ರಾಷ್ಟ್ರೀಯ ಮಹಾಕಾವ್ಯ 'ಕಲೆವಾಲಾ'ಕ್ಕೆ ಎಲಿಯಾಸ್ ಲ್ಯೋನ್‌ರೋಟ್ ಅತ್ಯುತ್ತಮ ಹಾಡುಗಳನ್ನು ಸಂಗ್ರಹಿಸಿದ್ದು ಕರೇಲಿಯನ್ ಹಳ್ಳಿಗಳ ಹಾಡುಗಾರರಿಂದ. ಆ ಹಳ್ಳಿಗಳಲ್ಲಿ ಮುಖ್ಯವಾದವು ಇವತ್ತು ರಷ್ಯಾದಲ್ಲಿವೆ. ಒಂದು ದೇಶವನ್ನೇ ಕಟ್ಟಿಕೊಟ್ಟ ಆ ಜನರ ಭಾಷೆಗೆ ಅವರದೇ ಹೆಸರಿನ ಗಣರಾಜ್ಯದಲ್ಲಿ ಅಧಿಕೃತ ಸ್ಥಾನ ಇಲ್ಲ. ಕಾರಣ ಲಿಪಿ! ಗಣರಾಜ್ಯಗಳ ಅಧಿಕೃತ ಭಾಷೆಗಳು ಸಿರಿಲಿಕ್ ಲಿಪಿಯಲ್ಲೇ ಇರಬೇಕು ಅಂತ 2002ರಲ್ಲಿ ಕಾನೂನಾಯಿತು, ಕರೇಲಿಯನ್ ಬರೆಯೋದು ಲ್ಯಾಟಿನ್ ಲಿಪಿಯಲ್ಲಿ.

ಇಲ್ಲಿ ಕರಾವಳಿಯ ಓದುಗರಿಗೆ ಒಂದು ಮಾತು. ಕಲೆವಾಲಾದ ನಾಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡಕ್ಕೆ ಬಂದು, ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಪಾಡ್ದನವನ್ನು ಪೂರ್ತಿ ದಾಖಲಿಸಿಕೊಂಡರು. ವಿವೇಕ ರೈ, ಚಿನ್ನಪ್ಪ ಗೌಡ ಜೊತೆಗಿದ್ದರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲು ಇತ್ತು. ಸಂಗ್ರಾಹಕರು ಹೊಲಿದು ಜೋಡಿಸಿದ ಕಾವ್ಯಕ್ಕೂ, ಒಬ್ಬನೇ ಹಾಡುಗಾರನ ಮನಸ್ಸಿನಲ್ಲಿ ಇಡಿಯಾಗಿ ಇರುವ ಕಾವ್ಯಕ್ಕೂ ಇರುವ ವ್ಯತ್ಯಾಸ ತಿಳಿಯಲು ಅವರಿಗೆ ಜೀವಂತ ಕಾವ್ಯ ಬೇಕಿತ್ತು. ಕರೇಲಿಯಾದಲ್ಲಿ ಆ ಕಾಲ ಮುಗಿದಿತ್ತು. ಸಿರಿ ಜಾತ್ರೆ ಈಗಲೂ ನಡೆಯುತ್ತದೆ.

ರಷ್ಯಾವನ್ನು ಮಾತ್ರ ಬೈದು ಮುಗಿಸುವ ಹಾಗಿಲ್ಲ. ನಾರ್ವೆ ನೂರು ವರ್ಷ ಸಾಮಿಗಳನ್ನು ನಾರ್ವೇಜಿಯನ್ ಮಾಡಲು ಹೊರಟಿತ್ತು. 1902ರ ಕಾನೂನಿನ ಪ್ರಕಾರ ಉತ್ತರದ ಫಿನ್‌ಮಾರ್ಕ್‌ನಲ್ಲಿ ಸರ್ಕಾರಿ ಜಮೀನು ಕೊಳ್ಳಬೇಕಾದರೆ ನಾರ್ವೇಜಿಯನ್ ಬರಬೇಕಿತ್ತು. ಅದರ ಸಂಸತ್ತು ಕ್ಷಮೆ ಕೇಳಿದ್ದು 2024ರ ನವೆಂಬರ್‌ನಲ್ಲಿ. ಆದರೆ ಅಲ್ಲಿ ಸಾಮಿಗಳು ಜಗಳ ಮಾಡಲು ಜಾಗ ಇತ್ತು. ಅಲ್ಟಾ ನದಿಯ ಅಣೆಕಟ್ಟಿನ ವಿರುದ್ಧ 1979ರಿಂದ ನಡೆದ ಹೋರಾಟದಲ್ಲಿ ಅಣೆಕಟ್ಟು ನಿಲ್ಲಲಿಲ್ಲ, ಆದರೆ 1989ರಲ್ಲಿ ಅವರದೇ ಸಂಸತ್ತು ಬಂತು. ರಾಝಿನ್ ಸತ್ತ ಅದೇ 2019ರ ಕೊನೆಗೆ ಡಿಸ್ನಿಯ 'ಫ್ರೋಝನ್ 2' ಉತ್ತರ ಸಾಮಿ ಭಾಷೆಯಲ್ಲೂ ತೆರೆಗೆ ಬಂತು, ಸಾಮಿ ಸಂಸತ್ತುಗಳ ಜೊತೆ ಒಪ್ಪಂದ ಮಾಡಿಕೊಂಡು.

ತಂತ್ರಜ್ಞಾನ ಉಳಿಸುತ್ತೆ ಅನ್ನೋರಿಗೂ ಒಂದಿಷ್ಟು ಸಮಾಧಾನ ಇದೆ. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಒಂದೇ ಸಲಕ್ಕೆ 110 ಭಾಷೆ ಸೇರಿಸಿತು. ಆ ಪಟ್ಟಿಯಲ್ಲಿ ಉದ್ಮುರ್ತ್, ಕೋಮಿ, ಮಾರಿ, ಉತ್ತರ ಸಾಮಿ ಇವೆ. ತುಳುವೂ ಇದೆ. ಆದರೆ ಯಂತ್ರ ಕಲಿಯೋದು ಬರೆದಿಟ್ಟದ್ದರಿಂದ. ಉದ್ಮುರ್ತ್‌ನಲ್ಲಿ ಬರೆದಿಟ್ಟದ್ದು ಇದೆ, ಯಾಕೆಂದರೆ 'ಉದ್ಮುರ್ತ್ ದುನ್ನೆ'ಯಂಥ ಪತ್ರಿಕೆಗಳಿವೆ. (ದುನ್ನೆ ಅಂದರೆ ನಮ್ಮ ದುನಿಯಾನೇ, ಅರಬ್ಬಿಯಿಂದ ತತಾರ್ ಮೂಲಕ ಅಲ್ಲಿಗೆ ಹೋದ ಪದ.) ಆ ಪತ್ರಿಕೆಗೆ ಬರೆಯುವವರು ಉದ್ಮುರ್ತ್ ಪಾಠ ಕೇಳಿ ಬೆಳೆದವರು.

ಹಾಗಾಗಿ ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸೋದು ಫಿನ್ಲೆಂಡಿನ ಇನಾರಿ ಎಂಬ ಸಣ್ಣ ಊರಲ್ಲಿ ಆದದ್ದು. ಇನಾರಿ ಸಾಮಿ ಬೇರೆಯೇ ಒಂದು ಭಾಷೆ, ಆಡುವವರು ಕೆಲವು ನೂರು ಮಂದಿ. 1990ರ ದಶಕದ ಹೊತ್ತಿಗೆ ಅದನ್ನು ಆಡುತ್ತಿದ್ದದ್ದು ಹೆಚ್ಚಾಗಿ ವಯಸ್ಸಾದವರು. 1997ರಲ್ಲಿ ಅಲ್ಲಿ 'ಭಾಷಾ ಗೂಡು' ತೆರೆದರು. ನ್ಯೂಜಿಲೆಂಡಿನ ಮಾವೋರಿಗಳಿಂದ ಕಲಿತ ಉಪಾಯ ಇದು. ಶಾಲೆಗೆ ಹೋಗುವ ಮುಂಚಿನ ಮಕ್ಕಳು ಇಡೀ ದಿನ ಅಲ್ಲಿರುತ್ತಾರೆ, ಊಟ, ಆಟ, ಜಗಳ ಎಲ್ಲ ಆ ಭಾಷೆಯಲ್ಲೇ. ಅಪ್ಪ-ಅಮ್ಮಂದಿರ ತಲೆಮಾರಿಗೆ ಭಾಷೆ ಬರುತ್ತಿರಲಿಲ್ಲ, ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ನಡುವೆ ಖಾಲಿ ಇತ್ತು. ಅದನ್ನು ತುಂಬಲು 2009ರಲ್ಲಿ ಕೆಲಸದಲ್ಲಿದ್ದ ವಯಸ್ಕರನ್ನು ಒಂದು ವರ್ಷ ಕೂರಿಸಿ ಭಾಷೆ ಕಲಿಸಿದರು. ಅರ್ಧ ಪಾಠ ತರಗತಿಯಲ್ಲಾದರೆ ಇನ್ನರ್ಧ ಹಿರಿಯರ ಮನೆಯಲ್ಲಿ, ಅವರ ಜೊತೆ ಅಡುಗೆ ಮಾಡುತ್ತಾ, ಮೀನು ಹಿಡಿಯುತ್ತಾ. ಹಾಗೆ ಕಲಿತವರೇ ಆಮೇಲೆ ಶಾಲೆಗಳಲ್ಲಿ, ಗೂಡುಗಳಲ್ಲಿ ಕಲಿಸಲು ನಿಂತರು. ಮೊದಲ ಗೂಡಿನ ಮಕ್ಕಳಿಗೆ ಈಗ ಮೂವತ್ತರ ಹತ್ತಿರ.

ಇನಾರಿ ಸಾಮಿ ಆಡುವವರು ಐನೂರೂ ಇಲ್ಲ. ಉದ್ಮುರ್ತ್ ಆಡುವವರು ಈಗಲೂ ಎರಡೂವರೆ ಲಕ್ಷದ ಆಸುಪಾಸು ಇದ್ದಾರೆ.